ಬಲೆ ತೊಳೆದ ಬೆಸ್ತರೂ ಯಂತ್ರ ತೊಳೆಯಬೇಕಾದ ನಾವೂ



ಲೂಕನು ಬರೆದ ಸುವಾರ್ತೆಯ ೫ನೆಯ ಅಧ್ಯಾಯವನ್ನು ನಾವು ಅನೇಕಾವರ್ತಿ ಓದಿದ್ದೇವೆ. ತುಂಬಿ ತುಳುಕಿದ ಬಲೆಗಳ ಸಂಗತಿಯನ್ನು ನಮ್ಮ ಮಕ್ಕಳು ಸಹ ಬಾಯಿಪಾಠವಾಗಿ ಹೇಳುವರು. ಆದರೆ ಆ ಅಧ್ಯಾಯದ ಆರಂಭದಲ್ಲಿಯೇ ಇರುವ ಒಂದು ಚಿಕ್ಕ ಮಾತಿನ ಮೇಲೆ ನಮ್ಮ ಕಣ್ಣು ನಿಲ್ಲುವದು ಅಪರೂಪ. ಕರ್ತನು ಗೆನೆಜರೇತ್ ಕೆರೆಯ ದಡಕ್ಕೆ ಬಂದಾಗ ಬೆಸ್ತರು ಏನು ಮಾಡುತ್ತಿದ್ದರು? ಬಲೆ ತೊಳೆಯುತ್ತಿದ್ದರು. ಅವರು ಇರುಳೆಲ್ಲಾ ನಿದ್ದೆಗೆಟ್ಟು ಬರಿಗೈಯಲ್ಲಿ ಹಿಂದಿರುಗಿದವರು. ಮೀನು ಸಿಕ್ಕದಿದ್ದ ಮೇಲೆ ತೊಳೆಯುವದೇತಕ್ಕೆ ಎಂದು ಬಲೆಯನ್ನು ಮೂಲೆಗೆ ಎಸೆದು ಮನೆಗೆ ಹೋಗಲಿಲ್ಲ. ಆ ಕೆರೆಯಾದರೋ ಸಿಹಿನೀರಿನದು, ಉಪ್ಪಿನ ಭಯವಿಲ್ಲದ್ದು, ಆದರೂ ತೊಳೆದರು.

ನಮ್ಮ ಕರಾವಳಿಯಲ್ಲಿ ನಾಡದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಇಂಜಿನು ಕಟ್ಟಿ ಕಡಲಿಗಿಳಿಯುವವರು ಬಹಳ ಮಂದಿ ಇದ್ದಾರೆ. ನಾರ್ವೆ ದೇಶದಲ್ಲಿ ಹುಟ್ಟಿ ಅಮೇರಿಕಾದ ಮಿಲ್ವಾಕಿ ಪಟ್ಟಣದಲ್ಲಿ ಕೆಲಸಮಾಡಿದ ಓಲೆ ಎವಿನ್‌ರೂಡ್ ಎಂಬವನು ೧೯೦೯ರಲ್ಲಿ ಇಂಥ ಯಂತ್ರವನ್ನು ಮಾರಾಟಕ್ಕೆ ತಂದನು. ಅಂದಿನಿಂದ ಇದು ಲೋಕದ ಎಲ್ಲಾ ತೀರಗಳಿಗೂ ಹೋಗಿದೆ. ಹುಟ್ಟು ಹಾಕಿ ತೋಳು ಸೋಲುತ್ತಿದ್ದವರಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಸಾಲ ಮಾಡಿ ತಂದ ಯಂತ್ರವು ಸಾಲ ತೀರುವ ಮುಂಚೆಯೇ ಕೆಟ್ಟು ಕೂತದ್ದರಿಂದ ಒಲೆ ಹತ್ತದ ಮನೆಗಳೂ ಉಂಟು. ಕಡಲ ನಡುವೆ ಗಾಳಿ ಎದ್ದ ಹೊತ್ತಿನಲ್ಲಿ ಯಂತ್ರವು ನಿಂತರೆ ಹೋಗುವದು ಹಣ ಮಾತ್ರವಲ್ಲವೆಂಬದನ್ನು ದೋಣಿಯವರ ಹೆಂಡಿರಿಗೆ ನಾವು ಹೇಳಬೇಕಾಗಿಲ್ಲ. ಆದಕಾರಣ ಈ ತಿಂಗಳು ನಾವು ಬಲೆಯ ಮಾತಿನಿಂದ ಯಂತ್ರದ ಮಾತಿಗೆ ಬರುವದನ್ನು ಓದುಗರು ತಪ್ಪಾಗಿ ಎಣಿಸಬಾರದು.

ಈ ಯಂತ್ರವು ತನ್ನ ಬಿಸಿಯನ್ನು ತಣಿಸಿಕೊಳ್ಳುವದು ತಾನು ನಿಂತಿರುವ ನೀರಿನಿಂದಲೇ. ಕೆಳಭಾಗದ ಪಕ್ಕಗಳಲ್ಲಿ ಜಾಲರಿಯಂಥ ಬಾಯಿಗಳುಂಟು. ಅವುಗಳ ಮೇಲುಗಡೆ ಒಂದು ಗೂಡಿನೊಳಗೆ ರಬ್ಬರಿನ ಎಸಳುಗಳುಳ್ಳ ಚಿಕ್ಕ ಚಕ್ರವು ತಿರುಗುವದು. ಇದಕ್ಕೆ ಇಂಪೆಲ್ಲರು ಎಂದು ಹೆಸರು. ಅದು ನೀರನ್ನು ಹೀರಿ ಕೊಳವೆಯ ಮೂಲಕ ಮೇಲಕ್ಕೆ ನೂಕುವದು. ಆ ನೀರು ಸಿಲಿಂಡರಿನ ಸುತ್ತಲೂ ಹರಿದು ಕಾವನ್ನು ಎತ್ತಿಕೊಂಡು ಹೊಗೆಯ ಸಂಗಡ ಕೆಳಗಿಳಿದು ಹೋಗುವದು. ಅದರಲ್ಲಿ ಸ್ವಲ್ಪವು ಹಿಂಬದಿಯ ಸಣ್ಣ ರಂಧ್ರದಿಂದ ನೂಲಿನ ಎಳೆಯಂತೆ ಹೊರಗೆ ಚಿಮ್ಮುವದು. ಆ ಎಳೆ ಕಂಡರೆ ಒಳಗೆ ನೀರು ಓಡುತ್ತದೆಂದು ತಿಳಿಯತಕ್ಕದ್ದು.

ಆ ರಬ್ಬರು ಎಸಳುಗಳು ಗೂಡಿನ ಗೋಡೆಗೆ ಒತ್ತಿಕೊಂಡೇ ತಿರುಗುತ್ತವೆ. ಅವುಗಳಿಗೆ ನೀರೇ ಎಣ್ಣೆ, ನೀರೇ ತಂಪು. ಯಂತ್ರವನ್ನು ದಡಕ್ಕೆ ಎತ್ತಿ ನೀರಿಲ್ಲದೆ ನಡಿಸಿದರೆ ಕೆಲವು ಕ್ಷಣಗಳಲ್ಲಿಯೇ ಅವು ಉಜ್ಜಿ ಕಾದು ಸುಟ್ಟು ಹರಿಯಲಾರಂಭಿಸುವವು. ಹರಿದ ತುಂಡುಗಳು ಮೇಲಕ್ಕೆ ಹೋಗಿ ನೀರಿನ ದಾರಿಯನ್ನು ಕಟ್ಟುವವು. ಆ ಮೇಲೆ ಕಡಲಿನಲ್ಲಿ ಸುತ್ತಲೂ ನೀರಿದ್ದರೂ ಯಂತ್ರದೊಳಗೆ ನೀರಿರದು. ಪಿಸ್ಟನ್ನು ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುವದು. ಬಯಲುಸೀಮೆಯ ನಮ್ಮ ಓದುಗರು ಬತ್ತಿದ ಬಾವಿಯಲ್ಲಿ ಪಂಪು ನಡಿಸಿದರೆ ಏನಾಗುವದೆಂದು ಬಲ್ಲರು, ಇದೂ ಅದೇ.

ಹೀಗಿದ್ದರೂ ದಡದ ಮೇಲೆ ಒಣಗಿದ ಯಂತ್ರವನ್ನು ಗರ್ಜಿಸುವ ಹಾಗೆ ಮಾಡುವವರನ್ನು ಎಲ್ಲೆಲ್ಲಿಯೂ ಕಾಣುತ್ತೇವೆ. ಹಳೆಯ ಯಂತ್ರವನ್ನು ಕೊಳ್ಳಬಂದವನು, ಒಂದು ಸಾರಿ ಸದ್ದು ಕೇಳಿಸು ಅನ್ನುವನು. ಮಾರುವವನು ಹಗ್ಗ ಎಳೆಯುವನು. ಸದ್ದು ಕೇಳಿ ಕೊಳ್ಳುವವನ ಮುಖ ಅರಳುವದು. ತಾನು ಹಣ ಕೊಟ್ಟು ಒಯ್ಯುವ ಇಂಪೆಲ್ಲರು ಅದೇ ಕ್ಷಣದಲ್ಲಿ ಬೇಯುತ್ತಿದೆಯೆಂಬದು ಆ ಬಡವನಿಗೆ ತಿಳಿಯದು. ಹೊಗೆಯ ಬಾಯಿ ನೀರಿನ ಹೊರಗಿರುವದರಿಂದ ಯಂತ್ರವು ಅತಿ ಜೋರಾಗಿ ಕೂಗುವದು ಆಗಲೇ. ಒಳಗೆ ನೀರಿಲ್ಲದೆ ಜೋರಾಗಿ ಕೂಗುವದು ಯಂತ್ರ ಮಾತ್ರವಲ್ಲವೆಂದು ಸಭೆಯ ಹಿರಿಯರಿಗೂ ಉಪದೇಶಿಗಳಿಗೂ ಹೇಳಿ, ಮುಂದಕ್ಕೆ ಹೋಗುತ್ತೇವೆ.

ಹಾಗಾದರೆ ತೊಳೆಯುವದು ಹೇಗೆ? ಬಲವಾದ ಮರದ ನಿಲುವಿಗೆ ಯಂತ್ರವನ್ನು ನೆಟ್ಟಗೆ ಬಿಗಿಯಿರಿ. ದೊಡ್ಡ ಪೀಪಾಯಿಯಲ್ಲಿ ಸಿಹಿನೀರು ತುಂಬಿಸಿ, ಪ್ರೊಪೆಲ್ಲರಿನ ಮೇಲುಗಡೆ ಇರುವ ಚಪ್ಪಟೆ ಹಲಗೆಯು ಚೆನ್ನಾಗಿ ಮುಳುಗುವಷ್ಟು ಇಳಿಸಿರಿ. ಪ್ರೊಪೆಲ್ಲರನ್ನು ಮೊದಲೇ ಬಿಚ್ಚಿಡುವದು ಕ್ಷೇಮ. ಗೇರಿಲ್ಲದ ಯಂತ್ರವಾದರೆ ಬಿಚ್ಚಲೇಬೇಕು. ಗೇರುಳ್ಳದ್ದಾದರೆ ನ್ಯೂಟ್ರಲ್‌ನಲ್ಲಿಟ್ಟು ಮೆಲ್ಲಗೆ ನಡಿಸಿರಿ, ವೇಗ ಏರಿಸಬೇಡಿರಿ. ನಲ್ಲಿಯ ನೀರಿರುವಲ್ಲಿ ಪೀಪಾಯಿ ಬೇಡ. ಎರಡು ರಬ್ಬರು ಬಟ್ಟಲುಗಳುಳ್ಳ ಸಾಧನವನ್ನು ನೀರಿನ ಬಾಯಿಗಳ ಮೇಲೆ ಕಚ್ಚಿಸಿ ರಬ್ಬರು ಕೊಳವೆಯನ್ನು ಜೋಡಿಸಬಹುದು. ಆಗ ಮೊದಲು ನೀರು, ಆಮೇಲೆ ಯಂತ್ರ. ನಿಲ್ಲಿಸುವಾಗ ಮೊದಲು ಯಂತ್ರ, ಆಮೇಲೆ ನೀರು. ಈ ಕ್ರಮವನ್ನು ಮಕ್ಕಳಿಗೂ ಕಲಿಸಿರಿ. ಕೆಲವು ಹೊಸ ಯಂತ್ರಗಳಲ್ಲಿ ತೊಳೆಯುವದಕ್ಕೆಂದೇ ಒಂದು ಬಾಯಿಯನ್ನು ಇಟ್ಟಿರುತ್ತಾರೆ. ಅದಕ್ಕೆ ಕೊಳವೆ ಜೋಡಿಸಿದಾಗ ಯಂತ್ರವನ್ನು ನಡಿಸಬಹುದೋ ಬಾರದೋ ಎಂಬದು ಅದರ ಸಂಗಡ ಬಂದ ಪುಸ್ತಕದಲ್ಲಿರುವದು. ಅನೇಕ ಯಂತ್ರಗಳಲ್ಲಿ ನಡಿಸಬಾರದು.

ನೀರಿನ ಎಳೆ ಬರುತ್ತದೋ ಎಂದು ಕೂಡಲೇ ನೋಡಿರಿ. ಬಾರದಿದ್ದರೆ ಯಂತ್ರವನ್ನು ನಿಲ್ಲಿಸಿ, ಸಣ್ಣ ತಂತಿಯಿಂದ ರಂಧ್ರವನ್ನು ಚುಚ್ಚಿರಿ. ಮರಳಾಗಲಿ ಕುಂಬಾರಹುಳದ ಮಣ್ಣಾಗಲಿ ಅಲ್ಲಿ ಕಟ್ಟಿರಬಹುದು. ಆದರೂ ಬಾರದಿದ್ದರೆ ಇಂಪೆಲ್ಲರನ್ನು ಬಿಚ್ಚಿ ನೋಡಿಸದೆ ಮತ್ತೆ ನಡಿಸಬೇಡಿರಿ. ಎಳೆ ಬಂದರೆ ಹತ್ತು ನಿಮಿಷ ನಡಿಸಿರಿ. ಅವಸರ ಮಾಡಬಾರದು, ಯಾಕಂದರೆ ಅನೇಕ ಯಂತ್ರಗಳಲ್ಲಿ ಥರ್ಮೋಸ್ಟಾಟು ಎಂಬ ಕವಾಟವುಂಟು. ಯಂತ್ರವು ಬಿಸಿಯಾದ ಹೊರತು ಅದು ಪೂರಾ ತೆರೆಯದು. ಒಂದು ನಿಮಿಷ ನಡಿಸಿ ನಿಲ್ಲಿಸಿದವನು ಅಂಗಳವನ್ನು ಗುಡಿಸಿದನೇ ಹೊರತು ಒಳಮನೆಯನ್ನು ಗುಡಿಸಲಿಲ್ಲ. ಮುಚ್ಚಿದ ಕೊಟ್ಟಿಗೆಯೊಳಗೆ ಮಾತ್ರ ಯಂತ್ರವನ್ನು ಎಂದಿಗೂ ನಡಿಸಬೇಡಿರಿ. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವುಂಟು.

ನೀರನ್ನು ಬಾಯಿಗೆ ಹಾಕಿ ನೋಡಿಯೇ ಉಪಯೋಗಿಸಿರಿ. ಅಳಿವೆಯ ಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವದುಂಟು. ಒಂದೇ ಪೀಪಾಯಿ ನೀರಿನಲ್ಲಿ ದಿನದಿನವೂ ತೊಳೆದರೆ ಆ ನೀರೇ ಉಪ್ಪಾಗುವದು.

ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪುಂಟು. ನೀರು ಆರಿದರೂ ಉಪ್ಪು ಆರಿಹೋಗದು. ಹರಳಾಗಿ ಇಕ್ಕಟ್ಟಾದ ದಾರಿಗಳಲ್ಲಿ ನಿಂತು ಅಲ್ಯೂಮಿನಿಯಮ್ಮನ್ನು ತಿನ್ನುತ್ತಾ ಬರುವದು. ಕರ್ನಾಟಕದಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ, ೬೧ ದಿವಸ, ದೊಡ್ಡ ಯಂತ್ರದ ದೋಣಿಗಳು ಕಡಲಿಗೆ ಹೋಗಬಾರದೆಂಬ ನಿಯಮವಿದೆ. ೧೦ ಅಶ್ವಶಕ್ತಿಯ ವರೆಗಿನ ಯಂತ್ರವುಳ್ಳ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ತೊಳೆಯದೆ ಮೂಲೆಗಿಟ್ಟ ಯಂತ್ರದಲ್ಲಿ ಆ ೬೧ ದಿವಸ ಉಪ್ಪು ರಜೆ ತೆಗೆದುಕೊಳ್ಳುವದಿಲ್ಲ. ಮೀನು ಸಿಕ್ಕಿದ ದಿನವೂ ಸಿಕ್ಕದ ದಿನವೂ ಯಂತ್ರದೊಳಗೆ ಹೋಗುವ ಉಪ್ಪು ಒಂದೇ. ಮೇಲಿನ ಮುಚ್ಚಳವನ್ನು ಒರಸಿ ಹೊಳೆಯಿಸಿದರೆ ಅದು ಹೋಗದು. ಬಟ್ಟಲಿನ ಹೊರಭಾಗವನ್ನು ಮಾತ್ರ ಶುಚಿಮಾಡಿದವರಿಗೆ ಕರ್ತನು ಏನು ಹೇಳಿದನೆಂದು ಬಲ್ಲೆವಷ್ಟೆ.

ನಾಲ್ಕು ಮಂದಿ ಕೂಡಿ ಕೊಂಡ ಯಂತ್ರದ ಪಾಡು ಇನ್ನೂ ಕಷ್ಟ. ಲಾಭವನ್ನು ನಾಲ್ಕು ಪಾಲು ಮಾಡುವರು. ತೊಳೆಯುವದು ಮಾತ್ರ ಯಾರ ಪಾಲಿಗೂ ಬರುವದಿಲ್ಲ. ನಿನ್ನೆ ಅವನು ತೊಳೆಯಲಿಲ್ಲ, ಇಂದು ನಾನೇಕೆ ಎಂದು ಇವನು. ನಾಳೆ ಇನ್ನೊಬ್ಬನ ಸರದಿ ಎಂದು ಅವನು. ಯಂತ್ರವು ಕೆಟ್ಟ ದಿನ ನಾಲ್ವರೂ ಹಿರಿಯರ ಮುಂದೆ ಬಂದು ಒಬ್ಬರ ಮೇಲೊಬ್ಬರು ದೂರುವರು. ಕಡೆಯದಾಗಿ ದೋಣಿಯಿಂದಿಳಿದವನೇ ತೊಳೆಯಲಿ, ಆತನಿಗೆ ಪಾಲಿನಲ್ಲಿ ಒಂದು ಹಿಡಿ ಮೀನು ಹೆಚ್ಚು ಇರಲಿ ಎಂದು ಮೊದಲೇ ಮಾತಾಡಿಕೊಳ್ಳುವದು ಒಳ್ಳೇದೆಂದು ನಮಗೆ ತೋರುತ್ತದೆ.

ಭಾನುವಾರ ಮುಂಜಾನೆ ಬಂದ ದೋಣಿಯ ಯಂತ್ರವನ್ನು ಆರಾಧನೆಗೆ ಮುಂಚೆ ತೊಳೆಯಬಹುದೋ ಎಂದು ಕೇಳುವವರುಂಟು. ಗುಂಡಿಗೆ ಬಿದ್ದ ಎತ್ತನ್ನು ಸಬ್ಬತ್ತಿನಲ್ಲಿ ಎತ್ತಬಾರದೋ ಎಂದು ಕೇಳಿದಾತನು ಹತ್ತು ನಿಮಿಷದ ಈ ಕೆಲಸಕ್ಕೆ ಸಿಟ್ಟಾಗನು. ತೊಳೆದು ಕೈಕಾಲು ಶುಚಿಮಾಡಿಕೊಂಡು ಬನ್ನಿರಿ. ಆರಾಧನೆಗೆ ಬಾರದಿರುವದಕ್ಕೆ ಮಾತ್ರ ಇದನ್ನು ನೆವಮಾಡಬೇಡಿರಿ.

ಯಂತ್ರದ ಕೆಳಭಾಗದಲ್ಲಿ ಸತುವಿನ ಒಂದು ತುಂಡನ್ನು ಕೂಡಿಸಿರುತ್ತಾರೆ. ಉಪ್ಪುನೀರು ಮಿಕ್ಕ ಲೋಹವನ್ನು ಬಿಟ್ಟು ಮೊದಲು ಅದನ್ನೇ ತಿನ್ನುವದು. ಬೇರೆಯವರಿಗಾಗಿ ಸವೆಯುವ ಆ ತುಂಡನ್ನು ನೋಡಿ ವಿಶ್ವಾಸಿಗಳ ಮನಸ್ಸು ಎಲ್ಲಿಗೆ ಹೋಗುವದೆಂದು ಬಲ್ಲೆವು. ಆದರೆ ಲೋಹದ ತುಂಡನ್ನು ಹೆಚ್ಚಾಗಿ ಎಳೆದು ಬೋಧಿಸುವದು ನಮಗೆ ಇಷ್ಟವಿಲ್ಲ. ಅದರ ಮೇಲೆ ಬಣ್ಣ ಬಳಿಯಬೇಡಿರಿ, ಅರ್ಧ ಸವೆದಾಗ ಹೊಸದನ್ನು ಹಾಕಿರಿ. ಇಂಪೆಲ್ಲರನ್ನು ಸಹ ವರುಷಕ್ಕೊಮ್ಮೆ ಬಿಚ್ಚಿ ನೋಡತಕ್ಕದ್ದು.

ತೊಳೆದಾದ ಮೇಲೆ ಒಳಗಿನ ನೀರೆಲ್ಲಾ ಇಳಿಯುವ ತನಕ ಯಂತ್ರವನ್ನು ನೆಟ್ಟಗೆ ನಿಲ್ಲಿಸಿರಿ, ಮಲಗಿಸಬೇಡಿರಿ. ಪೀಪಾಯಿಯಲ್ಲಿ ಉಳಿದ ನೀರಿನಲ್ಲಿ ಉಪ್ಪೂ ಎಣ್ಣೆಯೂ ಸೇರಿರುವದು. ಅದನ್ನು ಬಾವಿಯ ಕಟ್ಟೆಯ ಬಳಿಯಾಗಲಿ ತೆಂಗಿನ ಬುಡಕ್ಕಾಗಲಿ ಸುರಿಯದೆ, ದನಕರುಗಳು ಬಾಯಿಡದ ಸ್ಥಳಕ್ಕೆ ಒಯ್ದು ಚೆಲ್ಲಿರಿ.