ಚೌಕಟ್ಟಿನ ಅಂಚಿನಲ್ಲಿ ನಿಂತವರು

ದೂರದಿಂದ ತೆಗೆದ ಫೋಟೋ ಕಳ್ಳತನ, ಹತ್ತಿರ ಹೋಗಿ ತೆಗೆದದ್ದು ಪ್ರಾಮಾಣಿಕ ಎಂಬ ನಂಬಿಕೆಯೊಂದು ಫೋಟೋಗ್ರಾಫರುಗಳಲ್ಲಿದೆ. ಉದ್ದನೆಯ ಟೆಲಿಲೆನ್ಸ್ ಹಾಕಿಕೊಂಡು ರಸ್ತೆಯ ಆಚೆ ಬದಿಯಿಂದ ಗುರಿ ಇಡುವವನನ್ನು ಅವರು ಬೇಟೆಗಾರನಿಗೆ ಹೋಲಿಸುತ್ತಾರೆ. ಅಗಲ ಕೋನದ ಲೆನ್ಸ್, ಅಂದರೆ ವೈಡ್ ಆ್ಯಂಗಲ್, ಹಾಕಿದವನಿಗೆ ಆ ಸೌಕರ್ಯವಿಲ್ಲ. 35 ಮಿ.ಮೀ. ಲೆನ್ಸಿನಲ್ಲಿ ಒಬ್ಬ ಮನುಷ್ಯನ ಮುಖವೂ ಕೈಗಳೂ ಚಿತ್ರವನ್ನು ತುಂಬಬೇಕಾದರೆ ಸುಮಾರು ಒಂದು ಮೀಟರಿನಷ್ಟು ಹತ್ತಿರ ಹೋಗಲೇಬೇಕು. ಅಷ್ಟು ಹತ್ತಿರ ಬಂದವನ ಮುಖವನ್ನು ಎದುರಿನವನೂ ನೋಡುತ್ತಾನೆ. ಬೇಡ ಎನ್ನಬಹುದು, ಬೈಯಲೂಬಹುದು. ಆದ್ದರಿಂದ ಇದು ಸಮಾನರ ನಡುವಿನ ವ್ಯವಹಾರ ಎಂಬುದು ಅವರ ವಾದ.

ಕೇಳಲು ಚೆನ್ನಾಗಿಯೇ ಇದೆ. ಆದರೆ ಹತ್ತಿರವಿರುವುದೂ ಅನುಮತಿ ಪಡೆಯುವುದೂ ಒಂದೇ ಏನು?

ಗಲ್ಫಿನಿಂದ ರಜೆಗೆ ಬಂದ ಬಂಧುವೊಬ್ಬರು ಕಾಪುವಿನ ನಮ್ಮ ಮನೆಯಲ್ಲಿ ಬಿಟ್ಟುಹೋದ ಹಳೆಯ ಯಾಶಿಕಾ ಎಲೆಕ್ಟ್ರೋ 35 ಸಿಸಿ ಕ್ಯಾಮರಾ ನನ್ನ ಬಳಿ ಇದೆ. 1970ರ ಸುಮಾರಿಗೆ ಬಂದ ಮಾದರಿ. ಲೈಕಾ ಕೊಳ್ಳಲಾಗದವರ ರೇಂಜ್‌ಫೈಂಡರ್ ಎನ್ನಬಹುದು. ಇದರಲ್ಲಿ ನಾವು ನೋಡುವುದು ಲೆನ್ಸಿನ ಮೂಲಕವಲ್ಲ, ಅದರ ಮೇಲಿರುವ ಬೇರೊಂದು ಪುಟ್ಟ ಕಿಟಕಿಯ ಮೂಲಕ. ಕಿಟಕಿಯ ನಡುವೆ ಒಂದೇ ವಸ್ತು ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸಿ ಆ ಎರಡನ್ನು ಒಂದು ಮಾಡಿದರೆ ಫೋಕಸ್ ಸರಿಯಾಯಿತೆಂದು ಅರ್ಥ. ಎಸ್‌ಎಲ್‌ಆರ್ ಕ್ಯಾಮರಾಗಳಂತೆ ಒಳಗೆ ಕನ್ನಡಿ ಎದ್ದು ಬೀಳುವುದಿಲ್ಲವಾದ್ದರಿಂದ ಸದ್ದು ಬಹಳ ಕಡಿಮೆ. ಜೊತೆಗೆ ಇದರ ಲೆನ್ಸು ಎಫ್ 1.8ರದು. ಸಾಧಾರಣ ಜೂಮ್ ಲೆನ್ಸುಗಳ ಎಫ್ 5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಹೊತ್ತು ಮುಳುಗಿ, 1901ರಲ್ಲಿ ಕಟ್ಟಿದ ನಮ್ಮ ದೀಪಸ್ತಂಭ ಬೆಳಗತೊಡಗಿದ ಮೇಲೂ, ಅಂಗಡಿಯ ಬಲ್ಬಿನ ಬೆಳಕೊಂದಿದ್ದರೆ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಬಹುದು.

ಇಲ್ಲೇ ನನಗೆ ಮೊದಲ ತಕರಾರು ಕಾಣುವುದು. ಕರಾವಳಿಯ ಹಳೆಯ ಹಂಚಿನ ಮನೆಗಳ ಒಳಕೋಣೆಗಳಲ್ಲಿ ಕತ್ತಲೆಯೇ ಒಂದು ಪರದೆಯಾಗಿತ್ತು. ಫ್ಲ್ಯಾಶ್ ಹೊಡೆಯದೆ ಅಲ್ಲಿ ಫೋಟೋ ಬಾರದು. ಹೊಡೆದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಈ ಲೆನ್ಸು ಆ ಪರದೆಯನ್ನು ಸರಿಸಿತು, ಸದ್ದಿಲ್ಲದ ಶಟರ್ ಕಿವಿಗೆ ಸಿಗಬೇಕಾದ ಎಚ್ಚರಿಕೆಯನ್ನೂ ಕಸಿಯಿತು. ಅನ್ಯರ ಮನೆಯನ್ನು ಅನುಮತಿ ಪಡೆಯದೆ, ಸಲಾಂ ಹೇಳದೆ ಪ್ರವೇಶಿಸಬಾರದೆಂದು ಕುರ್‌ಆನಿನ 24ನೆಯ ಅಧ್ಯಾಯ ವಿಧಿಸುತ್ತದೆ. ಆ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂದು ಹದೀಸ್ ವಿವರಿಸುತ್ತದೆ. ಕಾಲು ಹೊಸಿಲಿನ ಹೊರಗಿದ್ದು ಕಣ್ಣು ಮಾತ್ರ ಒಳಗೆ ಹೋದರೂ ಅದು ಪ್ರವೇಶವೇ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ.

1948ರ ಜನವರಿ 30ರ ರಾತ್ರಿ ದಿಲ್ಲಿಯ ಬಿರ್ಲಾ ಭವನದಲ್ಲಿ ನಡೆದದ್ದನ್ನು ನೋಡಿ. ಗಾಂಧೀಜಿಯ ಪಾರ್ಥಿವ ಶರೀರವಿದ್ದ ಕೋಣೆಯಲ್ಲಿ ಅಮೆರಿಕದ ಮಾರ್ಗರೆಟ್ ಬರ್ಕ್‌ವೈಟ್ ಫ್ಲ್ಯಾಶ್ ಹೊಡೆದರು. ಶೋಕದಲ್ಲಿದ್ದವರು ಸಿಟ್ಟಾಗಿ ಅವರನ್ನು ಹೊರಗೆ ಕಳಿಸಿದರು, ಫಿಲ್ಮೂ ಹಾಳಾಯಿತು. ಫ್ರಾನ್ಸಿನ ಆನ್ರಿ ಕಾರ್ಟಿಯೇ ಬ್ರೆಸ್ಸೋ ತಮ್ಮ ಪುಟ್ಟ ಲೈಕಾ ರೇಂಜ್‌ಫೈಂಡರಿನಿಂದ, ಇದ್ದ ಬೆಳಕಿನಲ್ಲೇ, ಯಾರಿಗೂ ತೊಂದರೆಯಾಗದಂತೆ ಚಿತ್ರ ತೆಗೆದರು. (ಅವರು ಹೆಚ್ಚಾಗಿ ಬಳಸುತ್ತಿದ್ದುದು 50 ಮಿ.ಮೀ. ಲೆನ್ಸು, ಅಗಲ ಕೋನದ್ದಲ್ಲ.) ಒಬ್ಬರದು ಒರಟುತನ, ಇನ್ನೊಬ್ಬರದು ಸಭ್ಯತೆ ಎಂದು ಈ ಪ್ರಸಂಗವನ್ನು ಹೇಳುವುದು ವಾಡಿಕೆ. ಅಳುತ್ತಿರುವವರ ನಡುವೆ ಬೆಳಕು ಸಿಡಿಸದಿರುವುದು ದೊಡ್ಡ ಮಾತೇ, ಒಪ್ಪುತ್ತೇನೆ. ಆದರೆ ಅದು ಉರ್ದುವಿನಲ್ಲಿ ನಾವು ಲಿಹಾಜ್ ಎನ್ನುತ್ತೇವಲ್ಲ, ಆ ದಾಕ್ಷಿಣ್ಯ. ಇಜಾಜತ್ ಅಲ್ಲ. ಮೆಲ್ಲಗೆ ನಡೆಯುವವನು ಒಳಗೆ ಬರಲು ಕೇಳಿದ್ದಾನೆಂದು ಹೇಳಲಾಗದು.

ಇನ್ನು ಹತ್ತಿರ, ದೂರದ ಲೆಕ್ಕ. 2002ರಲ್ಲಿ ಅಹಮದಾಬಾದಿನಲ್ಲಿ ಮಹಡಿಯ ಮೇಲೆ ಸಿಕ್ಕಿಬಿದ್ದಿದ್ದ ಕುತುಬುದ್ದೀನ್ ಅನ್ಸಾರಿ ಕೈಮುಗಿದು ಅಂಗಲಾಚುತ್ತಿರುವ ಚಿತ್ರವನ್ನು ಅರ್ಕೋ ದತ್ತ ಕೆಳಗಿನ ರಸ್ತೆಯಿಂದ ತೆಗೆದರು. ದೂರದ ಚಿತ್ರ, ಕೇಳಿ ತೆಗೆಯುವ ಸಮಯವೂ ಅಲ್ಲ. ಅದು ನಡೆದದ್ದನ್ನು ಜಗತ್ತಿಗೆ ಹೇಳಿತು. ಆ ಚಿತ್ರದಿಂದಾಗಿ ಹೋದಲ್ಲೆಲ್ಲ ಗುರುತಿಸಲ್ಪಟ್ಟು ತಮ್ಮ ಬದುಕು ಕಷ್ಟವಾಯಿತೆಂದು ಅನ್ಸಾರಿಯವರೂ ಹೇಳಿದ್ದಾರೆ. ಎರಡೂ ನಿಜ. ಇದಕ್ಕೆ ವಿರುದ್ಧವಾದದ್ದು 2022ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲೇ ನಡೆಯಿತು. ಹಿಜಾಬಿನ ವಿವಾದದ ಆ ದಿನಗಳಲ್ಲಿ ಶಾಲೆಯ ಗೇಟಿನಲ್ಲಿ ನಿಂತು ಬುರ್ಖಾ ತೆಗೆಯುತ್ತಿದ್ದ ವಿದ್ಯಾರ್ಥಿನಿಯರನ್ನೂ ಶಿಕ್ಷಕಿಯರನ್ನೂ ಟಿವಿ ಕ್ಯಾಮರಾಗಳು ಚಿತ್ರೀಕರಿಸಿದವು. ಕ್ಯಾಮರಾದವರು ಆ ಹುಡುಗಿಯರಿಗೆ ಹತ್ತಿರವೇ ಇದ್ದರು. ಅವರ ಮುಖಗಳನ್ನು ಹುಡುಗಿಯರೂ ನೋಡಿದರು. ಆದರೆ ತರಗತಿಯ ಗಂಟೆ ಬಾರಿಸುವ ಹೊತ್ತಿಗೆ ಗೇಟು ದಾಟಬೇಕಾದ ಹುಡುಗಿ ಎಲ್ಲಿ ನಿಂತು ಬೇಡ ಎನ್ನಬೇಕು?

ಹಾಗಾದರೆ ಹತ್ತಿರ ಹೋಗುವುದರಿಂದ ಸಿಗುವುದು ಒಂದೇ. ಎದುರಿನವನಿಗೆ ನಿರಾಕರಿಸಲು ಸಮಯವೂ ಜಾಗವೂ ಇದ್ದರೆ, ನಿರಾಕರಿಸುವ ಅವಕಾಶ. ಅಗಲ ಕೋನದ ಲೆನ್ಸು ಆ ಅವಕಾಶವನ್ನು ನಡುವೆ ನಿಂತವನಿಗೆ ಕೊಡುತ್ತದೆ, ಅಂಚಿನಲ್ಲಿ ನಿಂತವನಿಗೆ ಕೊಡುವುದಿಲ್ಲ. ಕ್ಯಾಮರಾ ತನ್ನ ಕಡೆ ತಿರುಗಿಲ್ಲವೆಂದು ಅವನು ನಿಶ್ಚಿಂತನಾಗಿರುತ್ತಾನೆ. 28 ಮಿ.ಮೀ. ಲೆನ್ಸು ಅವನನ್ನೂ ಸೇರಿಸಿಕೊಂಡಿರುತ್ತದೆ. ನನಗೆ ಗೊತ್ತಾಗಲಿಲ್ಲ ಎಂದು ರೇಂಜ್‌ಫೈಂಡರ್ ಹಿಡಿದವನು ಹೇಳುವಂತೆಯೂ ಇಲ್ಲ. ಅದರ ಕಿಟಕಿಯಲ್ಲಿ ಚಿತ್ರದ ಗಡಿ ಒಂದು ಬೆಳಗುವ ಗೆರೆಯಾಗಿ ಕಾಣುತ್ತದೆ, ಗೆರೆಯ ಹೊರಗಿನ ಲೋಕವೂ ಸ್ವಲ್ಪ ಕಾಣುತ್ತದೆ. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸಿಯೇ ಅವನು ಗುಂಡಿ ಒತ್ತುವುದು. ಕತೆ ಬರೆಯುವವರಿಗೂ ಇದೇ ಪೇಚು. ಕತೆಯ ನಾಯಕನ ಊರು, ಹೆಸರು, ಕಸುಬು ಎಲ್ಲವನ್ನೂ ಬದಲಾಯಿಸುತ್ತೇವೆ. ಎರಡು ಸಾಲಿಗೆಂದು ಬರುವ ನೆರೆಮನೆಯ ಅಜ್ಜಿ ಮಾತ್ರ ಇದ್ದ ಹಾಗೇ ಬಂದುಬಿಡುತ್ತಾಳೆ.

ಕಾಪುವಿನ ಕಡಲ ಬದಿಯಲ್ಲಿ ಒಮ್ಮೆ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧ ವೃತ್ತವಾಗಿ ಬಲೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುವ ಕೆಲಸ ಅದು. ಹೊರಗಿನಿಂದ ಬಂದ ಯುವಕನೊಬ್ಬ ಡಿಜಿಟಲ್ ರೇಂಜ್‌ಫೈಂಡರ್ ಹಿಡಿದು ಹಗ್ಗದವರ ತೀರಾ ಹತ್ತಿರ ಬಂದ. ಒಳ್ಳೆಯ ಹುಡುಗ. "ಅಣ್ಣಾ, ಒಂದು ಫೋಟೋ ತೆಗೀಲಾ?" ಎಂದು ಮುಂದಿನವರನ್ನು ಕೇಳಿದ. ಅವರು ನಕ್ಕು ತಲೆಯಾಡಿಸಿದರು. ಮೀನಿಗೆಂದು ಬುಟ್ಟಿ ಹಿಡಿದು ನಿಂತಿದ್ದ ಹೆಂಗಸೊಬ್ಬರು, ಅವನಿಗೆ ಅಡ್ಡವಾಗಬಾರದೆಂದು ಎರಡು ಹೆಜ್ಜೆ ಪಕ್ಕಕ್ಕೆ ಸರಿದರು.

ಆಮೇಲೆ ಅವನು ಕ್ಯಾಮರಾದ ಹಿಂಬದಿಯಲ್ಲಿ ಚಿತ್ರ ತೋರಿಸಿದ. ಎಲ್ಲರೂ ಬಾಗಿ ನೋಡಿದರು. ಎಡ ಅಂಚಿನಲ್ಲಿ ಆ ಹೆಂಗಸು ಇದ್ದರು. ಅಗಲ ಲೆನ್ಸಿನ ಅಂಚಿನಲ್ಲಿ ಆಗುವ ಹಾಗೆ ಮುಖ ಸ್ವಲ್ಪ ಅಡ್ಡಕ್ಕೆ ಎಳೆದುಕೊಂಡಿತ್ತು.

"ನಾನು ಬದಿಗೆ ಹೋಗಿದ್ದೆನಲ್ಲ ಮಗಾ" ಎಂದು ಅವರು ತುಳುವಿನಲ್ಲಿ ಹೇಳಿದ್ದನ್ನು ಪಕ್ಕದವರು ಅವನಿಗೆ ಕನ್ನಡದಲ್ಲಿ ಹೇಳಿದರು.

"ನೀವಿರೋದ್ರಿಂದಲೇ ಫೋಟೋ ಚೆನ್ನಾಗಿ ಬಂದಿದೆ ಅಮ್ಮ" ಎಂದ ಹುಡುಗ. ಅದು ನಿಜವೂ ಆಗಿತ್ತು. ಅವರು ಮತ್ತೊಮ್ಮೆ ನೋಡಿದರು, ಏನೂ ಹೇಳಲಿಲ್ಲ. ಬಲೆ ದಡಕ್ಕೆ ಬರುತ್ತಿತ್ತು. ಬುಟ್ಟಿ ಎತ್ತಿಕೊಂಡು ಆ ಕಡೆ ನಡೆದರು.