ಕೊಡುವ ಕೈಗೆ ಕಣ್ಣು ಬೇಕು

ನಮ್ಮ ಮನೆಗಳ ಉರ್ದುವಿನಲ್ಲಿ ‘ಸದ್ಕಾ’ ಎಂಬ ಮಾತು ತುಂಬ ಸವೆದುಹೋಗಿದೆ. ಮಗುವಿಗೆ ಜ್ವರ ಬಂದರೆ ತಾಯಿ ಒಂದು ನಾಣ್ಯವನ್ನೋ ಒಂದು ಹಿಡಿ ಅಕ್ಕಿಯನ್ನೋ ಅದರ ತಲೆಯ ಸುತ್ತ ಸುಳಿಸಿ, ಬಾಗಿಲಿಗೆ ಬಂದ ಫಕೀರನ ಜೋಳಿಗೆಗೆ ಹಾಕುತ್ತಾಳೆ. ಕೆಟ್ಟ ದೃಷ್ಟಿ ಅದರ ಜೊತೆ ಹೊರಟುಹೋಯಿತೆಂದು ನೆಮ್ಮದಿಪಡುತ್ತಾಳೆ. ಆ ಫಕೀರನಿಗೆ ಊಟವಾಯಿತೇ ಎಂದು ಕೇಳುವ ನೆನಪು ಯಾರಿಗೂ ಇರುವುದಿಲ್ಲ. ಅರಬಿಯಲ್ಲಿ ಈ ಪದದ ಬೇರು ‘ಸಿದ್ಕ್’, ಅಂದರೆ ಸತ್ಯ. ಕೊಡುವವನ ವಿಶ್ವಾಸ ನಿಜವೆಂದು ತೋರಿಸಿಕೊಡುವುದೇ ಸದಕ. ಕನ್ನಡದ ‘ಧರ್ಮ’ಕ್ಕೂ ಇಂಥದೇ ಗತಿ ಬಂದಿದೆ. ಲೋಕವನ್ನು ಎತ್ತಿಹಿಡಿಯುವ ಅಷ್ಟು ದೊಡ್ಡ ಮಾತು ‘ಧರ್ಮಕ್ಕೆ ಸಿಕ್ಕಿದ್ದು’ ಎನ್ನುವಲ್ಲಿ ಪುಕ್ಕಟೆ ಎಂಬ ಅರ್ಥಕ್ಕೆ ಇಳಿದಿದೆ.

ಹೀಬ್ರೂ ಭಾಷೆಯಲ್ಲಿ ಸದಕಕ್ಕೆ ಒಬ್ಬ ಸೋದರಿ ಇದ್ದಾಳೆ. ಯಹೂದಿಯರು ಅದನ್ನು ‘ತ್ಸೆದಾಕ’ ಎನ್ನುತ್ತಾರೆ. ಅದರ ಬೇರು ‘ತ್ಸೆದೆಕ್’, ಅಂದರೆ ನ್ಯಾಯ. ಬಡವನಿಗೆ ಕೊಡುವುದು ಅವರ ಭಾಷೆಯಲ್ಲೇ ನ್ಯಾಯ ಸಲ್ಲಿಸುವ ಕೆಲಸ. ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆ ಎಂದು ಕುರ್‌ಆನ್ ಹೇಳುವುದೂ ಇದೇ ಅರ್ಥದಲ್ಲಿ.

ಗಾಝಾದ ಮಣ್ಣಿನಲ್ಲಿ 2023ರ ಅಕ್ಟೋಬರ್ ನಂತರ ಹತ್ತಾರು ಸಾವಿರ ಜನ ಹೂತುಹೋದ ಮೇಲೆ ಯಹೂದಿಯರ ದಾನದ ಬಗ್ಗೆ ನಾವು ಏಕೆ ಓದಬೇಕು ಎಂದು ಕೇಳುವ ಓದುಗರಿದ್ದಾರೆ. ಆ ಸಿಟ್ಟು ಸುಳ್ಳಲ್ಲ. ಆದರೆ ಒಂದು ಪ್ರಭುತ್ವದ ಲೆಕ್ಕವನ್ನು ಮೂರು ಸಾವಿರ ವರ್ಷಗಳ ಒಂದು ಜನಾಂಗದ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಮೇಲೆ ಅದೇ ತಪ್ಪನ್ನು ಇತರರು ಮಾಡಿದಾಗ ನಾವು ಪ್ರತಿಭಟಿಸುತ್ತೇವಲ್ಲವೇ? ಅದೂ ಅಲ್ಲದೆ, ಕೊಡುವುದರ ಬಗ್ಗೆ, ಕೊಡಲು ಎಳೆಯರನ್ನು ತಯಾರು ಮಾಡುವುದರ ಬಗ್ಗೆ ಯಹೂದಿಯರಷ್ಟು ಕ್ರಮವಾಗಿ ಯೋಚಿಸಿದ ಸಮುದಾಯಗಳು ಕಡಿಮೆ. ಅವರ ಗೆಲುವಿನಲ್ಲೂ ಸೋಲಿನಲ್ಲೂ ನಮಗೆ ಪಾಠವಿದೆ.

ಮೊದಲು ಮೂಸಾ ಬಿನ್ ಮೈಮೂನ್. 1138ರ ಸುಮಾರಿಗೆ ಕಾರ್ಡೋಬಾದಲ್ಲಿ ಹುಟ್ಟಿ, 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಈ ಯಹೂದಿ ಪಂಡಿತನನ್ನು ಯುರೋಪು ಮೈಮೊನಿಡಿಸ್ ಎಂದು ಕರೆಯುತ್ತದೆ. ಸ್ಪೇನನ್ನು ಆಳುತ್ತಿದ್ದ ಅಲ್ಮೊಹದ್ ಮುಸ್ಲಿಮರ ಕಿರುಕುಳದಿಂದ ಅವರ ಕುಟುಂಬ ಊರು ಬಿಟ್ಟಿತು; ಮುಸ್ಲಿಮರದೇ ಆದ ಈಜಿಪ್ಟ್ ಆಶ್ರಯ ಕೊಟ್ಟಿತು, ಸಲಾಹುದ್ದೀನನ ಆಸ್ಥಾನದಲ್ಲಿ ವೈದ್ಯನ ಸ್ಥಾನವನ್ನೂ ಕೊಟ್ಟಿತು. ನಮ್ಮ ಚರಿತ್ರೆಯ ಈ ಎರಡು ಪುಟಗಳನ್ನೂ ನಾವು ಒಟ್ಟಿಗೇ ಓದಬೇಕು.

ಇಬ್ನ್ ಮೈಮೂನ್ ತನ್ನ ಧರ್ಮಶಾಸ್ತ್ರ ಗ್ರಂಥದಲ್ಲಿ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದ್ದಾರೆ. ಎಲ್ಲಕ್ಕೂ ಕೆಳಗಿನದು ಮುಖ ಸಿಂಡರಿಸಿಕೊಂಡು ಕೊಡುವುದು. ಅದರ ಮೇಲೆ ನಗುಮುಖದಿಂದ, ಆದರೆ ಕೊಡಬೇಕಾದುದಕ್ಕಿಂತ ಕಡಿಮೆ ಕೊಡುವುದು. ಕೇಳಿದ ಮೇಲೆ ಕೊಡುವುದು ಮೂರನೆಯದು, ಕೇಳುವ ಮೊದಲೇ ಕೊಡುವುದು ನಾಲ್ಕನೆಯದು. ಮುಂದಿನ ಮೆಟ್ಟಿಲುಗಳು ಯಾರಿಗೆ ಯಾರ ಗುರುತು ಸಿಗಬೇಕು ಎಂಬುದಕ್ಕೆ ಸೇರಿದವು. ಹಿಂದಿನ ಕಾಲದ ಕೆಲವು ಹಿರಿಯರು ನಾಣ್ಯಗಳನ್ನು ಬಟ್ಟೆಯಲ್ಲಿ ಕಟ್ಟಿ ಬೆನ್ನ ಹಿಂದೆ ಇಳಿಬಿಟ್ಟು ನಡೆಯುತ್ತಿದ್ದರಂತೆ. ಬಡವರು ಹಿಂದಿನಿಂದ ಬಂದು ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಂಡವರ ಮುಖ ಕೊಟ್ಟವರಿಗೆ ಕಾಣುತ್ತಿರಲಿಲ್ಲ. ಏಳನೆಯ ಮೆಟ್ಟಿಲಿನಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಗೊತ್ತಿಲ್ಲ. ಎಂಟನೆಯದು ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲು ಕೊಟ್ಟೋ, ಕೆಲಸ ಕೊಡಿಸಿಯೋ ಆ ಮನುಷ್ಯ ಮತ್ತೆ ಕೈಚಾಚದಂತೆ ಮಾಡುವುದು.

ರಮಝಾನಿನಲ್ಲಿ ಕಿಟ್ ಹಂಚಿ, ಪಡೆದುಕೊಂಡ ವಿಧವೆಯ ಪಕ್ಕ ನಿಂತು ತೆಗೆಸಿಕೊಳ್ಳುವ ಫೋಟೋಗಳು ಈ ಎಂಟರಲ್ಲಿ ಯಾವ ಮೆಟ್ಟಿಲಿಗೆ ಸೇರುತ್ತವೆ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂದು ಕಲಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು.

ಯಹೂದಿಯರು ಈ ಪಾಠವನ್ನು ಮಕ್ಕಳಿಗೆ ದಾಟಿಸುವ ಬಗೆಯೂ ಗಮನಿಸತಕ್ಕದ್ದು. ಅನೇಕ ಮನೆಗಳಲ್ಲಿ ಒಂದು ಡಬ್ಬಿ ಇರುತ್ತದೆ. ಶುಕ್ರವಾರ ಸಂಜೆ ಸಬ್ಬತ್ ದೀಪ ಹಚ್ಚುವ ಮೊದಲು ಮಕ್ಕಳು ಅದಕ್ಕೆ ನಾಣ್ಯ ಹಾಕುತ್ತಾರೆ. ಹುಡುಗನಿಗೆ ಹದಿಮೂರು ತುಂಬಿದಾಗ ಅವನು ಧರ್ಮದ ಕಟ್ಟಳೆಗಳಿಗೆ ತಾನೇ ಹೊಣೆಗಾರನಾಗುತ್ತಾನೆ. ಅಮೆರಿಕದ ಎಷ್ಟೋ ಯಹೂದಿ ಸಭೆಗಳಲ್ಲಿ ಆ ಸಂದರ್ಭಕ್ಕೆ ಹುಡುಗರೂ ಹುಡುಗಿಯರೂ ಒಂದು ಸೇವಾಕಾರ್ಯವನ್ನು ತಾವೇ ಆರಿಸಿಕೊಂಡು ನಡೆಸಬೇಕು. 1924ರಲ್ಲಿ ನೆಬ್ರಾಸ್ಕಾದ ಒಮಾಹದಲ್ಲಿ ಶುರುವಾದ ಯುವಕರ ಸಂಘವೊಂದು ಪದಾಧಿಕಾರಿಗಳನ್ನು ಹದಿಹರೆಯದವರಿಂದಲೇ ಚುನಾಯಿಸುವ ಪದ್ಧತಿ ತಂದಿತು. ಕಳೆದ ಕಾಲು ಶತಮಾನದಲ್ಲಿ ಅಲ್ಲಿನ ಹಲವು ನಗರಗಳಲ್ಲಿ ಹೈಸ್ಕೂಲ್ ಮಕ್ಕಳ ಕೈಗೇ ಒಂದು ನಿಧಿಯನ್ನು ಒಪ್ಪಿಸುವ ಏರ್ಪಾಡು ಬೆಳೆದಿದೆ. ಅವರು ಅರ್ಜಿಗಳನ್ನು ಓದುತ್ತಾರೆ, ಸಂಸ್ಥೆಗಳಿಗೆ ಹೋಗಿ ಪ್ರಶ್ನೆ ಕೇಳುತ್ತಾರೆ, ತಮ್ಮೊಳಗೆ ವಾದ ಮಾಡಿ ಯಾರಿಗೆ ಎಷ್ಟು ಎಂದು ತೀರ್ಮಾನಿಸುತ್ತಾರೆ.

ಇಲ್ಲೇ ನನ್ನ ಪ್ರಶ್ನೆ ಇದೆ. ಕೊಡುವುದನ್ನು ಕಲಿಸಿದರೆ ಸಾಕೇ? ಅಥವಾ ಕೇಳುವುದನ್ನೂ ಕಲಿಸಬೇಕೇ? ಹಣ ಎಲ್ಲಿಂದ ಬಂತು, ಯಾರು ತೀರ್ಮಾನಿಸಿದರು, ಕೊನೆಗೆ ಅದು ಯಾರ ಮೇಲೆ ಏನು ಮಾಡಿತು?

ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಬಾಗ್ದಾದಿನ ಆಡಳಿತಗಾರನ ಕಿರುಕುಳ ತಾಳಲಾರದೆ ಹೊರಟ ಡೇವಿಡ್ ಸಸೂನ್ 1832ರ ಹೊತ್ತಿಗೆ ಮುಂಬಯಿಗೆ ಬಂದು ನೆಲೆಸಿದರು. ಪುಣೆಯ ಸಸೂನ್ ಆಸ್ಪತ್ರೆ, ಮುಂಬಯಿಯ ಡೇವಿಡ್ ಸಸೂನ್ ಗ್ರಂಥಾಲಯ ಇಂದಿಗೂ ಆ ಮನೆತನದ ಹೆಸರು ಹೇಳುತ್ತಿವೆ. ಬೈಕಲ್ಲಾದಲ್ಲಿ ಅದೇ ಮನೆತನದ ಜೇಕಬ್ ಸಸೂನರ ಹೆಸರಿನ ಶಾಲೆಯಲ್ಲಿ ಈಗ ಓದುವ ಮಕ್ಕಳಲ್ಲಿ ಬಹುಪಾಲು ಮುಸ್ಲಿಮರು. ಆದರೆ ಸಸೂನರ ಸಂಪತ್ತಿನಲ್ಲಿ ದೊಡ್ಡ ಪಾಲು ಚೀನಾಕ್ಕೆ ಸಾಗಿಸಿದ ಅಫೀಮಿನಿಂದ ಬಂದದ್ದು. ಅದೇ ವ್ಯಾಪಾರದಲ್ಲಿ ಪಾರ್ಸಿಗಳೂ ಇದ್ದರು, ಮುಸ್ಲಿಮರೂ ಇದ್ದರು, ಎಲ್ಲರಿಗಿಂತ ಮೇಲೆ ಬ್ರಿಟಿಷರಿದ್ದರು. ಇಂದು ಆ ಶಾಲೆಯಲ್ಲಿ ಅಕ್ಷರ ಕಲಿಯುವ ಹುಡುಗಿಗೆ ಅದರಿಂದ ಕಳಂಕವಿಲ್ಲ. ಆದರೆ ಅವಳ ಅಕ್ಷರ ಆ ಅಫೀಮನ್ನು ತೊಳೆಯುವುದೂ ಇಲ್ಲ. ಇಂಥ ಲೆಕ್ಕವನ್ನು ಕೂಡಿಸಿ ಕಳೆದು ಶೂನ್ಯ ಮಾಡಲಾಗದು.

ಯಾರು ತೀರ್ಮಾನಿಸಿದರು ಎಂಬುದಕ್ಕೆ ಅಮೆರಿಕದ ಜೂಲಿಯಸ್ ರೋಸೆನ್‌ವಾಲ್ಡ್ ಸಾಕ್ಷಿ. ಜರ್ಮನಿಯಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ 1862ರಲ್ಲಿ ಹುಟ್ಟಿ, ಸಿಯರ್ಸ್ ರೋಬಕ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ಮುಖ್ಯಸ್ಥರಾದರು. ಗುಲಾಮನಾಗಿ ಹುಟ್ಟಿ ಶಿಕ್ಷಣತಜ್ಞನಾದ ಬುಕರ್ ಟಿ. ವಾಷಿಂಗ್ಟನ್‌ರ ಆತ್ಮಕಥೆ ಓದಿ ಅವರ ಮನಸ್ಸು ತಿರುಗಿತು. 1912ರಿಂದ ಇಪ್ಪತ್ತು ವರ್ಷಗಳಲ್ಲಿ ಅವರ ನೆರವಿನಿಂದ ದಕ್ಷಿಣದ 15 ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ 4,977 ಶಾಲೆಗಳು ಎದ್ದವು. ರೋಸೆನ್‌ವಾಲ್ಡ್ ಪೂರ್ತಿ ಹಣ ಕೊಡುತ್ತಿರಲಿಲ್ಲ. ಊರಿನವರೂ ಕೈಹಾಕಬೇಕು, ಸರಕಾರವೂ ಕೊಡಬೇಕು ಎಂಬ ಷರತ್ತಿತ್ತು. ಕೂಲಿಯವರೂ ಗೇಣಿದಾರರೂ ಜಮೀನು, ಮರ, ದುಡಿಮೆ, ಕಾಸು ಕೂಡಿಸಿದರು. ಕೊನೆಗೆ ಲೆಕ್ಕ ಹಾಕಿದಾಗ ನಿಧಿ ಕೊಟ್ಟದ್ದು ಸುಮಾರು 44 ಲಕ್ಷ ಡಾಲರ್, ಕಪ್ಪು ಜನ ಕೊಟ್ಟದ್ದು ಸುಮಾರು 47 ಲಕ್ಷ! ಕೋಟ್ಯಧೀಶನಿಗಿಂತ ಹೆಚ್ಚು ಕೊಟ್ಟವರು ಬಡವರೇ. ಶಾಲೆ ಅವರದಾಯಿತು. ಮುಂದೆ ಕವಯಿತ್ರಿಯಾದ ಮಾಯಾ ಏಂಜೆಲೊ, ನಾಗರಿಕ ಹಕ್ಕುಗಳ ನಾಯಕರಾದ ಜಾನ್ ಲೂಯಿಸ್ ಅಂಥ ಶಾಲೆಗಳಲ್ಲೇ ಓದಿದವರು. ತನ್ನ ಹೆಸರು ಶಾಶ್ವತವಾಗಿರಲಿ ಎಂಬ ಆಸೆಯೂ ರೋಸೆನ್‌ವಾಲ್ಡರಿಗೆ ಇರಲಿಲ್ಲ. ತಾನು ಸತ್ತ 25 ವರ್ಷಗಳೊಳಗೆ ನಿಧಿಯ ಹಣವೆಲ್ಲ ಖರ್ಚಾಗಬೇಕೆಂದು ವಿಧಿಸಿದ್ದರು. 1932ರಲ್ಲಿ ಅವರು ತೀರಿಕೊಂಡರು, 1948ರಲ್ಲಿ ನಿಧಿಯೂ ಮುಗಿಯಿತು.

ಆದರೂ ಒಂದು ಮಾತು ಉಳಿಯುತ್ತದೆ. ಆ ಶಾಲೆಗಳು ಬಿಳಿಯರನ್ನೂ ಕರಿಯರನ್ನೂ ಬೇರ್ಪಡಿಸಿದ ಗೋಡೆಯ ಒಳಗೇ ಕಟ್ಟಲ್ಪಟ್ಟವು. ಗೋಡೆಯನ್ನು ಅವು ಮುಟ್ಟಲಿಲ್ಲ. ಅದಕ್ಕೆ ಕೈಹಾಕಿದವರು ಮುಂದಿನ ತಲೆಮಾರಿನ ಯುವಕರು. 1964ರ ಬೇಸಿಗೆಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಮಿಸಿಸಿಪ್ಪಿಯಲ್ಲಿ ನಡೆದ ಅಭಿಯಾನದಲ್ಲಿ ಯಹೂದಿ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. ಜೂನ್ 21ರಂದು ಅಲ್ಲಿನ ನೆಶೋಬಾ ಕೌಂಟಿಯಲ್ಲಿ ವರ್ಣದ್ವೇಷಿಗಳು ಮೂವರನ್ನು ಕೊಂದರು. ಜೇಮ್ಸ್ ಚೇನಿ ಕಪ್ಪು ಯುವಕ, 21 ವರ್ಷ. ಆಂಡ್ರ್ಯೂ ಗುಡ್‌ಮನ್ ಮತ್ತು ಮೈಕೆಲ್ ಶ್ವೆರ್ನರ್ ಯಹೂದಿಯರು, 20 ಮತ್ತು 24 ವರ್ಷ. ಸುಟ್ಟುಹೋದ ಒಂದು ಚರ್ಚನ್ನು ನೋಡಲು ಹೋದವರು ಹಿಂದಿರುಗಲಿಲ್ಲ. ತ್ಸೆದಾಕ ಎಂಬ ಮಾತಿನ ಬೇರಿನಲ್ಲಿ ನ್ಯಾಯವಿದೆ ಎಂಬುದನ್ನು ಈ ಹುಡುಗರು ಪ್ರಾಣ ಕೊಟ್ಟು ತೋರಿಸಿದರು.

ಇನ್ನು ಮೂರನೆಯ ಪ್ರಶ್ನೆ. ಯಹೂದಿ ರಾಷ್ಟ್ರೀಯ ನಿಧಿ ಸ್ಥಾಪನೆಯಾದದ್ದು 1901ರಲ್ಲಿ. ಫೆಲೆಸ್ತೀನಿನಲ್ಲಿ ಯಹೂದಿಯರಿಗಾಗಿ ಭೂಮಿ ಕೊಳ್ಳುವುದು ಅದರ ಉದ್ದೇಶ. ಅದರ ನೀಲಿ ಡಬ್ಬಿಗಳು ಪ್ರಪಂಚದ ಯಹೂದಿ ಮನೆಗಳಿಗೂ ಶಾಲೆಗಳಿಗೂ ಹೋದವು. ಮಕ್ಕಳು ಮಿಠಾಯಿಯ ಕಾಸು ಉಳಿಸಿ ಮರ ನೆಡಲು ಕೊಟ್ಟರು. ಜೆರುಸಲೇಮಿನ ಪಶ್ಚಿಮಕ್ಕೆ ಇಮ್ವಾಸ್, ಯಾಲೂ, ಬೈತ್ ನೂಬಾ ಎಂಬ ಮೂರು ಹಳ್ಳಿಗಳಿದ್ದವು. ಇಮ್ವಾಸ್ ನಮಗೆ ಅಪರಿಚಿತ ಹೆಸರಲ್ಲ. ಖಲೀಫ ಉಮರ್(ರ) ಅವರ ಕಾಲದಲ್ಲಿ, 639ರ ಸುಮಾರಿಗೆ, ಅಬೂ ಉಬೈದ(ರ) ಅವರನ್ನು ಬಲಿ ತೆಗೆದುಕೊಂಡ ಪ್ಲೇಗಿಗೆ ಈ ಊರಿನ ಹೆಸರೇ ಇದೆ. 1967ರ ಜೂನ್ ಯುದ್ಧದಲ್ಲಿ ಇಸ್ರೇಲಿ ಸೇನೆ ಈ ಮೂರೂ ಹಳ್ಳಿಗಳ ಜನರನ್ನು ಹೊರಗಟ್ಟಿ ಮನೆಗಳನ್ನು ಕೆಡವಿತು. 1970ರ ದಶಕದಲ್ಲಿ ಕೆನಡಾದ ಯಹೂದಿಯರು ಕೊಟ್ಟ ದೇಣಿಗೆಯಿಂದ ಇಮ್ವಾಸ್ ಮತ್ತು ಯಾಲೂ ಹಳ್ಳಿಗಳ ಅವಶೇಷಗಳ ಮೇಲೆ ಒಂದು ಉದ್ಯಾನ ಎದ್ದಿತು. ಅದರ ಹೆಸರು ಕೆನಡಾ ಪಾರ್ಕ್.

ಮರ ನೆಡಲು ಕಾಸು ಕೊಟ್ಟ ಮಗುವಿನ ಮನಸ್ಸಿನಲ್ಲಿ ಕೇಡಿರಲಿಲ್ಲ. ಮರ ಎಲ್ಲಿ ನೆಡುತ್ತಾರೆ, ಅಲ್ಲಿ ಮೊದಲು ಯಾರಿದ್ದರು ಎಂದು ಕೇಳಲು ಮಾತ್ರ ಅದಕ್ಕೆ ಯಾರೂ ಕಲಿಸಲಿಲ್ಲ. ಒಳ್ಳೆಯ ಮನಸ್ಸು, ಧಾರಾಳ ಕೈ, ಶಿಸ್ತಿನ ಸಂಘಟನೆ ಎಲ್ಲವೂ ಇದ್ದು, ಆ ಒಂದು ಪ್ರಶ್ನೆ ಇಲ್ಲದಿದ್ದರೆ ಸದಕವೇ ಇನ್ನೊಬ್ಬನ ಮನೆಯ ಮೇಲೆ ಕಲ್ಲಾಗಿ ಬೀಳಬಹುದು.

ಆ ಪ್ರಶ್ನೆಯನ್ನು ಯಹೂದಿಯರೊಳಗಿನಿಂದಲೇ ಕೇಳಿದವರಿದ್ದಾರೆ. 2002ರಲ್ಲಿ ಆರಂಭವಾದ ಝೊಖ್ರೋತ್ ಎಂಬ ಇಸ್ರೇಲಿ ಸಂಘಟನೆ ನ್ಯಾಯಾಲಯದ ಮೆಟ್ಟಿಲು ಹತ್ತಿ, ಆ ಪಾರ್ಕಿನಲ್ಲಿ ಹಿಂದೆ ಇದ್ದ ಹಳ್ಳಿಗಳ ಹೆಸರು ಹೇಳುವ ಫಲಕಗಳನ್ನು ಹಾಕಿಸಿತು. 2023ರ ಅಕ್ಟೋಬರ್ 27ರ ಶುಕ್ರವಾರ ಸಂಜೆ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಸಾವಿರಾರು ಯಹೂದಿಯರು, ಅವರಲ್ಲಿ ಬಹಳಷ್ಟು ಯುವಜನರು, ಕದನ ನಿಲ್ಲಲಿ ಎಂದು ನೆಲದ ಮೇಲೆ ಕುಳಿತರು. ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸತ್ತವರ ಶೋಕ ಇನ್ನೂ ಆರಿರಲಿಲ್ಲ. ರಬ್ಬಿಗಳು ಅಲ್ಲೇ ಸಬ್ಬತ್ ದೀಪ ಹಚ್ಚಿದರು. ನೂರಾರು ಜನ ಬಂಧನಕ್ಕೊಳಗಾದರು. ಅವರಲ್ಲಿ ಹಲವರ ಮನೆಗಳಲ್ಲಿ, ಬಂಧುಗಳಲ್ಲಿ ಈ ಕಾರಣಕ್ಕೆ ಮಾತು ಮುರಿದಿದೆ. ನಿಮಗೂ ನಿಮ್ಮ ತಂದೆತಾಯಿ ಬಂಧುಗಳಿಗೂ ವಿರುದ್ಧವಾದರೂ ನ್ಯಾಯದ ಪರ ನಿಲ್ಲಿ ಎಂದು ಕುರ್‌ಆನ್ ನಮಗೆ ಆದೇಶಿಸಿದ ಕೆಲಸವನ್ನು ಆ ಸಂಜೆ ಅವರು ಮಾಡುತ್ತಿದ್ದರು. ಅನ್ಯಾಯ ಮಾಡುವ ಸೋದರನಿಗೂ ನೆರವಾಗಬೇಕು, ಅವನನ್ನು ತಡೆಯುವುದೇ ಆ ನೆರವು ಎಂಬ ಪ್ರವಾದಿಯವರ(ಸ) ಬೋಧನೆಯನ್ನು ನಾವು ಎಷ್ಟು ಸಲ ಕೇಳಿಲ್ಲ!

ನಮ್ಮ ಯುವಕರಲ್ಲಿ ಕೊಡುವ ಉತ್ಸಾಹಕ್ಕೆ ಕೊರತೆಯಿಲ್ಲ. ರಮಝಾನಿನಲ್ಲಿ ರಸೀದಿ ಪುಸ್ತಕ ಹಿಡಿದು ಮನೆ ಮನೆ ತಿರುಗುವವರು, ನೆರೆ ಬಂದಾಗ ಎದೆಮಟ್ಟದ ನೀರಿನಲ್ಲಿ ಇಳಿಯುವವರು, ನಡುರಾತ್ರಿ ರಕ್ತ ಕೊಡಲು ಓಡುವವರು ಅವರೇ. ಆದರೆ ಕೂಡಿದ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಕೋಣೆಯಲ್ಲಿ ಅವರಿಗೆ ಜಾಗ ಅಪರೂಪ, ಹುಡುಗಿಯರಿಗಂತೂ ಇಲ್ಲವೇ ಇಲ್ಲ. ಕಾಲುಗಳನ್ನು ಅವರಿಂದ ಪಡೆದು ಕಣ್ಣುಗಳನ್ನು ನಾವೇ ಇಟ್ಟುಕೊಂಡಿದ್ದೇವೆ. ಮುಂದಿನ ರಮಝಾನಿನಲ್ಲಿ ಒಂದು ಮೊಹಲ್ಲಾದಲ್ಲಾದರೂ ಝಕಾತಿನ ಒಂದು ಪಾಲಿನ ಲೆಕ್ಕವನ್ನು ಕಾಲೇಜಿನ ಹುಡುಗ ಹುಡುಗಿಯರ ಮುಂದೆ ಬಿಚ್ಚಿಡೋಣ. ಈ ಹಣ ಎಲ್ಲಿಂದ ಬಂತು, ಇದನ್ನು ಪಡೆಯುವವರನ್ನು ಯಾರು ಕೇಳಿದರು, ಹತ್ತು ವರ್ಷಗಳಿಂದ ಅದೇ ಮನೆಯವರು ಅದೇ ಸಾಲಿನಲ್ಲಿ ಏಕೆ ನಿಂತಿದ್ದಾರೆ ಎಂದು ಅವರು ಕೇಳಲಿ. ಕೆಲವು ಪ್ರಶ್ನೆಗಳು ಹಿರಿಯರಿಗೆ ಹಿಡಿಸಲಾರವು. ಉತ್ತರ ಕೊಡಬೇಕಾದ ಹೊಣೆ ಮಾತ್ರ ಹಿರಿಯರದೇ.