ಕೊನೆಗೆ ಹತ್ತಿದವಳ ಸೀಟು

 

ಇಂದಿನ ಚಿಂತನೆಗೆ ಒಂದು ಲೆಕ್ಕ ತಂದಿದ್ದೇನೆ. ಗಾಬರಿ ಬೇಡ, ಪೆನ್ನು ಪೇಪರ್ ಬೇಕಾಗುವುದಿಲ್ಲ.

ಶಿವಮೊಗ್ಗ ಟೌನ್‌ನಿಂದ ಬೆಂಗಳೂರಿಗೆ ಹೋಗುವ ಜನಶತಾಬ್ದಿ ನಮಗೆಲ್ಲ ಗೊತ್ತು. ಅದರ ಒಂದು ಬೋಗಿಯಲ್ಲಿ ಸರಿಯಾಗಿ 100 ಸೀಟು ಇವೆ, 100 ಜನ ಟಿಕೆಟ್ ಮಾಡಿಸಿದ್ದಾರೆ ಎಂದುಕೊಳ್ಳಿ. ಒಬ್ಬರ ಹಿಂದೆ ಒಬ್ಬರು ಹತ್ತುತ್ತಾರೆ. ಮೊದಲು ಹತ್ತುವವನದು 1ನೇ ಸೀಟು, ಎರಡನೆಯವರದು 2ನೇ ಸೀಟು, ಹೀಗೇ ಸಾಲಾಗಿ. ಮೊದಲನೆಯವನು ತನ್ನ ನಂಬರ್ ನೋಡುವುದೇ ಇಲ್ಲ, ಮನಸ್ಸಿಗೆ ಬಂದ ಕಡೆ ಕೂತುಬಿಡುತ್ತಾನೆ. ಆಮೇಲೆ ಬರುವವರು ತಮ್ಮ ಸೀಟು ಖಾಲಿ ಇದ್ದರೆ ಅಲ್ಲೇ ಕೂರುತ್ತಾರೆ. ಯಾರಾದರೂ ಕೂತಿದ್ದರೆ, ಜಗಳ ಯಾಕೆ ಎಂದು ಖಾಲಿ ಇರುವ ಯಾವುದೋ ಒಂದರಲ್ಲಿ ಕೂರುತ್ತಾರೆ. ನೂರನೆಯವಳು ಭದ್ರಾವತಿಯಲ್ಲಿ ಹತ್ತುವ ಒಬ್ಬ ಹೆಣ್ಣುಮಗಳು. ಆಕೆಗೆ ತನ್ನ 100ನೇ ಸೀಟೇ ಸಿಗುವ ಸಂಭವ ಎಷ್ಟು?

ಇದು ಹಳೆಯ ಒಗಟು. ಸಾಮಾನ್ಯವಾಗಿ ವಿಮಾನದ ಕಥೆಯಾಗಿ ಹೇಳುತ್ತಾರೆ. ನಮಗೆ ರೈಲೇ ಹತ್ತಿರ. ಕೇಳಿದವರಲ್ಲಿ ಹೆಚ್ಚಿನವರು ನೂರರಲ್ಲಿ ಒಂದು ಎನ್ನುತ್ತಾರೆ, ಇನ್ನು ಕೆಲವರು ಸಿಗೋದೇ ಇಲ್ಲ ಬಿಡಿ ಎನ್ನುತ್ತಾರೆ. ಸರಿಯಾದ ಉತ್ತರ ಅರ್ಧಕ್ಕೆ ಅರ್ಧ. ಸಾವಿರ ಸೀಟಿದ್ದರೂ ಅಷ್ಟೇ, ಮೂರೇ ಸೀಟಿದ್ದರೂ ಅಷ್ಟೇ.

ಹೇಗೆ ಎಂದರೆ, 2ರಿಂದ 99ರವರೆಗಿನ ಯಾವ ಸೀಟೂ ಕೊನೆಗೆ ಖಾಲಿ ಉಳಿಯುವಂತಿಲ್ಲ. ಖಾಲಿ ಇದ್ದಿದ್ದರೆ ಅದರ ಒಡೆಯ ಬಂದಾಗಲೇ ಅಲ್ಲಿ ಕೂತಿರುತ್ತಿದ್ದ. ಹಾಗಾಗಿ ಕೊನೆಯವಳಿಗೆ ಉಳಿಯುವುದು ಒಂದೋ 1ನೇ ಸೀಟು, ಇಲ್ಲವೇ ಅವಳದೇ 100ನೇ ಸೀಟು. ಸೀಟು ತಪ್ಪಿ ಸಿಕ್ಕಲ್ಲಿ ಕೂರುವವರ ಕಣ್ಣಿಗೆ ಈ ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಎರಡೂ ಅವರದಲ್ಲ, ಎರಡೂ ಖಾಲಿ. ಎರಡರ ನಂಬರ್ ಪ್ಲೇಟುಗಳನ್ನು ರಾತ್ರೋರಾತ್ರಿ ಅದಲು ಬದಲು ಮಾಡಿದರೂ ಅವರ ಆಯ್ಕೆ ಬದಲಾಗುವುದಿಲ್ಲ. ಅಂದಮೇಲೆ 1 ಮೊದಲು ತುಂಬುವ ಸಂಭವವೂ 100 ಮೊದಲು ತುಂಬುವ ಸಂಭವವೂ ಒಂದೇ. ಉದ್ದದ ಲೆಕ್ಕ ಮಾಡದೆ, ಅದಲು ಬದಲು ಮಾಡಿದರೂ ಏನೂ ಬದಲಾಗದು ಎಂಬುದನ್ನು ಗುರುತಿಸಿದ್ದರಿಂದಲೇ ಉತ್ತರ ಸಿಕ್ಕಿತು. ಗಣಿತದವರು ಇದನ್ನು ಸಮಮಿತಿ ಎನ್ನುತ್ತಾರೆ.

ಇಷ್ಟು ಹೇಳಿದಾಗ ನಮ್ಮ ಭದ್ರಾವತಿ ಕೂಟದ ಹಿರಿಯರೊಬ್ಬರು, ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು, ಕೇಳಿದರು: “ಅಲ್ರಪ್ಪಾ, ಇವ್ರಿಗೆಲ್ಲ ಬಾಯಿ ಇಲ್ವಾ? ಇದು ನನ್ ಸೀಟು, ಏಳಪ್ಪಾ ಅಂತ ಕೇಳೋದು ತಾನೆ?”

ಎಲ್ಲರೂ ನಕ್ಕರು. ಆದರೆ ಒಗಟನ್ನು ಬೇರೆ ಮಗ್ಗುಲಿನಿಂದ ಬಿಡಿಸುವ ದಾರಿ ಆ ಪ್ರಶ್ನೆಯಲ್ಲೇ ಇದೆ. ನಿಯಮವನ್ನು ಸ್ವಲ್ಪ ಬದಲಿಸಿ ನೋಡಿ. ತನ್ನ ಸೀಟಿನಲ್ಲಿ ಯಾರೋ ಕೂತಿದ್ದರೆ ಬಂದವರು ಟಿಕೆಟ್ ತೋರಿಸಿ ಎಬ್ಬಿಸುತ್ತಾರೆ. ಎದ್ದವನು ಬೇರೆ ಖಾಲಿ ಸೀಟಿಗೆ ಹೋಗುತ್ತಾನೆ. ಹೀಗೆ ಏಳಬೇಕಾಗುವುದು ಯಾರು? ಪ್ರತಿ ಸಲವೂ ಆ ಮೊದಲನೆಯವನೇ! ಉಳಿದವರೆಲ್ಲ ಅವರವರ ಜಾಗದಲ್ಲೇ ಇರುತ್ತಾರೆ. ಭದ್ರಾವತಿಯ ಹೆಣ್ಣುಮಗಳು ಹತ್ತುವ ಹೊತ್ತಿಗೆ ಅವನು ತನ್ನ 1ನೇ ಸೀಟಿನಲ್ಲಿರಬಹುದು, ಇಲ್ಲವೇ ಅವಳ 100ನೇ ಸೀಟಿನಲ್ಲಿರಬಹುದು. ಬೋಗಿಯಲ್ಲಿ ತುಂಬಿರುವ ಸೀಟುಗಳು ಮೊದಲ ಕಥೆಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ತುಂಬುತ್ತವೆ, ಕೂತವರು ಮಾತ್ರ ಬೇರೆ. ಆದ್ದರಿಂದ ಅವಳ ಸೀಟು ಖಾಲಿ ಸಿಗುವ ಸಂಭವ ಈಗಲೂ ಅರ್ಧವೇ. ಆದರೆ ಖಾಲಿ ಇಲ್ಲದಿದ್ದರೂ ಅವಳು ಕೇಳುತ್ತಾಳೆ, ಅವನು ಏಳುತ್ತಾನೆ, ಉಳಿದಿರುವ ಒಂದೇ ಸೀಟಿಗೆ ಹೋಗುತ್ತಾನೆ. ಅದು ಅವನದೇ 1ನೇ ಸೀಟು.

ಉತ್ತರದ ಅಂಕಿ ಎರಡು ಕಥೆಯಲ್ಲೂ ಒಂದೇ. ಸಂಕಟ ಯಾರ ಪಾಲಿಗೆ ಬಂತು ಎಂಬುದು ಮಾತ್ರ ತಲೆಕೆಳಗಾಯಿತು.

ಎಲ್ಲರೂ ಬಾಯಿಮುಚ್ಚಿ ಕೂರುವ ಮೊದಲ ಕಥೆಗೆ ಇನ್ನೊಮ್ಮೆ ಹೋಗೋಣ. ಸೀಟು ತಪ್ಪುವ ಸಂಭವ ಎರಡನೆಯವರಿಗೆ ನೂರರಲ್ಲಿ ಒಂದು. ಐವತ್ತನೆಯವರಿಗೆ 52ರಲ್ಲಿ ಒಂದು. ತೊಂಬತ್ತೊಂಬತ್ತನೆಯವರಿಗೆ ಮೂರರಲ್ಲಿ ಒಂದು. ಕೊನೆಯವಳಿಗೆ ಎರಡರಲ್ಲಿ ಒಂದು. ತಪ್ಪು ಮಾಡಿದವನು ಒಬ್ಬ. ಹಿಂದೆ ಹಿಂದೆ ಹೋದಂತೆ ಅದರ ಭಾರ ಹೆಚ್ಚುತ್ತದೆ. ಸರಾಸರಿ ನಾಲ್ಕು ಜನರ ಸೀಟು ತಪ್ಪುತ್ತದೆ. ಅವರಲ್ಲಿ ಯಾರಾದರೂ ಕೈತಪ್ಪಿ 1ನೇ ಸೀಟಿಗೆ ಹೋಗಿ ಕೂರುವವರೆಗೆ ಈ ಸರಪಳಿ ತುಂಡಾಗುವುದಿಲ್ಲ. ಮೊದಲನೆಯವನು ಮಾತ್ರ ಕೂತಲ್ಲೇ ಕೂತಿರುತ್ತಾನೆ. ಅವನಿಗೆ ಏನೂ ತಿಳಿಯುವುದೂ ಇಲ್ಲ.

ಈಗ ಆ ಕೊನೆಯವಳನ್ನು ಯಾಕಮ್ಮಾ ಹೀಗಾಯ್ತು ಎಂದು ಕೇಳಿ. ಹಣೆಬರಹ ಎನ್ನುತ್ತಾಳೆ. ಪಕ್ಕದವರು ಹಿಂದಿನ ಜನ್ಮದ ಕರ್ಮ ಎನ್ನುತ್ತಾರೆ, ಇನ್ನೊಬ್ಬರು ದೇವರ ಇಚ್ಛೆ ಎನ್ನುತ್ತಾರೆ. ಸುಮ್ಮನೆ ಆಗಿದ್ದು, ಕಾರಣವೇ ಇಲ್ಲ ಎನ್ನುವವರೂ ಇರುತ್ತಾರೆ. ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿ ಭಗವಾನರು ತಳ್ಳಿಹಾಕುವುದು ಈ ಮೂರನ್ನೇ: ಎಲ್ಲವೂ ಹಿಂದೆ ಮಾಡಿದ್ದರ ಫಲ ಎಂಬ ವಾದ, ಎಲ್ಲವೂ ಈಶ್ವರ ಮಾಡಿದ್ದು ಎಂಬ ವಾದ, ಯಾವುದಕ್ಕೂ ಕಾರಣವಿಲ್ಲ ಎಂಬ ವಾದ. ಮೂರರಲ್ಲಿ ಯಾವುದನ್ನು ಒಪ್ಪಿದರೂ ಮನುಷ್ಯ ಮಾಡಬೇಕಾದ್ದೇನೂ ಉಳಿಯುವುದಿಲ್ಲ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಹಿಂದಿನ ಜನ್ಮದ ಕರ್ಮದ ಮಾತನ್ನು ಅಷ್ಟು ಗಟ್ಟಿಯಾಗಿ ನಿರಾಕರಿಸಿದ್ದೂ ಇದಕ್ಕೇ. ಸೀಟು ತಪ್ಪಿದ್ದಕ್ಕೆ ಕಾರಣವಿದೆ, ಅದು ಇದೇ ಬೋಗಿಯೊಳಗಿದೆ. ಹುಡುಕುತ್ತ ಹಿಂದಕ್ಕೆ ಹೋದರೆ ಸಿಗುತ್ತದೆ.

ಮಹಾಡ್ ನೆನಪಿಸಿಕೊಳ್ಳಿ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂದು ಮುಂಬಯಿ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಟಿಕೆಟ್ ಕೈಯಲ್ಲಿತ್ತು, ಸೀಟಿನಲ್ಲಿ ಕೂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದರು. ನ್ಯಾಯಾಲಯದಲ್ಲಿ ಕೊನೆಯ ತೀರ್ಪು ಬರಲು 1937ರವರೆಗೆ ಕಾಯಬೇಕಾಯಿತು. ನಮ್ಮ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿ ಕಲಿಸಿದ್ದೂ ಹೀಗೆ ಬಾಯಿಬಿಟ್ಟು ಕೇಳುವುದನ್ನೇ. ಪರಭಾರೆಯಾದ ಮಂಜೂರು ಜಮೀನನ್ನು ಮೂಲ ಮಂಜೂರುದಾರರಿಗೇ ಮರಳಿಸುವ 1978ರ ಪಿಟಿಸಿಎಲ್ ಕಾಯ್ದೆಯನ್ನು ನೋಡಿ. ಆ ಜಮೀನು ಎಷ್ಟು ಕೈ ದಾಟಿದ್ದರೂ ಕಾಯ್ದೆ ಕೇಳುವುದು ಟಿಕೆಟ್ ಯಾರ ಹೆಸರಿನಲ್ಲಿತ್ತು ಎಂದೇ.

ಒಗಟಿನ ಕಹಿ ಭಾಗ ಇನ್ನೂ ಇದೆ. ಸೀಟು ತಪ್ಪಿದವರು ಬರೀ ಸೀಟು ತಪ್ಪಿದವರಲ್ಲ. ಅವರು ಮುಂದೆ ಬರುವ ಇನ್ನೊಬ್ಬರ ಸೀಟಿನಲ್ಲಿ ಕೂತಿರುತ್ತಾರೆ, ಕೆಟ್ಟ ಮನಸ್ಸೇನೂ ಇಲ್ಲದೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದದ್ದು ಇಂಥದ್ದನ್ನೇ. ಎಲ್ಲರಿಗೂ ಕೆಳಗೊಬ್ಬ ಇರುವುದರಿಂದ ಯಾರೂ ಮೇಲಿನವನನ್ನು ಎಬ್ಬಿಸಲು ಹೋಗುವುದಿಲ್ಲ.

ಈ ಮಾತನ್ನು ನಮ್ಮ ಗುಂಪಿನಲ್ಲಿ ಹೇಳುವುದು ಸುಲಭವಲ್ಲ, ಆದರೂ ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಪರಿಶಿಷ್ಟ ಜಾತಿಯ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ. 1 ಶಿಫಾರಸು ಮಾಡಿತು. ಅದೇ ತಿಂಗಳು ರಾಜ್ಯ ಸಂಪುಟ ಶೇ. 17ನ್ನು ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ಹಂಚಿತು. ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಹಂದಿ ಜೋಗಿಗಳು ಬಂಜಾರ, ಭೋವಿ, ಕೊರಚ, ಕೊರಮರ ಜೊತೆ ಆ ಐದರೊಳಗೆ ಸೇರಿಹೋದರು. ಮೀಸಲಾತಿ ರೈಲು ಬೋಗಿಯಲ್ಲ, ಒಪ್ಪುತ್ತೇನೆ; ಒಗಟಿನಲ್ಲಿ ನೂರು ಜನಕ್ಕೆ ನೂರು ಸೀಟಾದರೂ ಇವೆ, ಇಲ್ಲಿ ಅದೂ ಇಲ್ಲ. ಎಡವೋ ಬಲವೋ, ಆರು ಸಿಕ್ಕಿದ್ದು ಯಾರೂ ಕೊಟ್ಟ ದಾನವೂ ಅಲ್ಲ. ಆದರೆ ಒಗಟಿನ ಜನರಿಗೆ ತಾವು ಕೂತ ಸೀಟು ಯಾರದೆಂದು ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಆ ಒಂದರ ಮೇಲೆ ಯಾರ ನಂಬರ್ ಬರೆದಿತ್ತು ಎಂದು ಆಯೋಗದ ವರದಿ ಹೇಳಿದೆ, ಅಲೆಮಾರಿಗಳು ಫ್ರೀಡಂ ಪಾರ್ಕಿನಲ್ಲಿ ಕೂತು ಅದನ್ನು ಕೇಳಿಯೂ ಆಗಿದೆ. ಅವರ ಜೊತೆ ನಿಂತು ದನಿಗೂಡಿಸಬೇಕಾದವರಲ್ಲಿ ನಾವು ಮೊದಲಿಗರು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಭಾನುವಾರದ ಕೂಟಕ್ಕೆ ಬನ್ನಿ, ಮಾತಾಡೋಣ.